ಎಡಗಡೆ ಬಾಕ್ಸ್ ಹಾಡುವುದಿಲ್ಲ

ನಮ್ಮ ಮನೆಯಲ್ಲಿ ಒಂದು ಮಾತಿಗೆ ನಾನು ಬಹಿಷ್ಕಾರ ಹಾಕಿದ್ದೇನೆ. ‘ಜಾಣಕಿವುಡು’ ಎಂಬ ಮಾತು. ಬೇಕಾದ್ದನ್ನು ಕೇಳಿಸಿಕೊಂಡು ಬೇಡದ್ದಕ್ಕೆ ಕಿವುಡರಂತೆ ನಟಿಸುವವರಿಗಾಗಿ ಹಿರಿಯರು ಮಾಡಿಟ್ಟ ಮಾತು ಅದು. ಚೆಂದದ ಮಾತೇ, ಇಲ್ಲ ಅನ್ನುವುದಿಲ್ಲ. ಆದರೆ ಇಂಥದ್ದೊಂದು ಸುಲಭಕ್ಕೆ ಸಿಕ್ಕಿತೆಂದು ಈ ಮನೆಯವರು ವರ್ಷಗಟ್ಟಲೆ ಅದನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟಿದರು. ನಿಜವಾಗಿ ಏನಾಗಿದೆ ಎಂದು ಒಬ್ಬರೂ ನೋಡಲಿಲ್ಲ. ಆ ಹೆಂಗಸು ನನ್ನ ಅತ್ತೆ. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಸೊಸೆಯೊಬ್ಬಳು ಅತ್ತೆಯ ಪರ ವಕಾಲತ್ತು ಹಾಕಿದರೆ ನಗುವವರಿದ್ದಾರೆ. ನಗಲಿ. ನಮ್ಮಿಬ್ಬರಿಗೂ ಜಗಳವೇ ಆಗುವುದಿಲ್ಲ ಅಂತಲ್ಲ. ಅತ್ತೆಯ ಜೊತೆ ಜಗಳವಾಡದೆ ಒಂದು ದಿನ ಕಳೆಯುವುದು ಯಾರಿಂದಲೂ ಆಗದ ಕೆಲಸ. ಆದರೆ ಜಗಳ ಬೇರೆ, ಅನ್ಯಾಯ ಬೇರೆ. ಇಲ್ಲಿ ಎರಡೂ ಬರುತ್ತವೆ.

ಅತ್ತೆಯ ಹಿಟ್ಟಿನ ಗಿರಣಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿದೆ. ಮನೆಯೂ ಗಿರಣಿಯೂ ಅವರ ಅಪ್ಪನದು. ಗಂಡುಮಕ್ಕಳಿಲ್ಲದ ಆ ಮನುಷ್ಯ ಮಗಳಿಗೆ ಕಲ್ಲು ಕೊರೆಯುವುದರಿಂದ ಹಿಡಿದು ಬೆಲ್ಟು ಏರಿಸುವ ತನಕ ಎಲ್ಲ ಕಲಿಸಿ, ಅವರ ಹೆಸರಿಗೇ ಬರೆದುಕೊಟ್ಟು ಕಣ್ಣು ಮುಚ್ಚಿದರು. ಕೋಣೆ ಇಕ್ಕಟ್ಟು. ಅತ್ತೆ ನಿಲ್ಲುವಲ್ಲಿಗೆ ಎದುರಿಗೆ ಕಾಳು ಸುರಿಯುವ ಬಾಯಿ. ಬಲಕ್ಕೆ ಬೀದಿಯ ಕಡೆ ತೆರೆದ ಕಿಟಕಿ, ಅಲ್ಲಿ ಗಿರಾಕಿಗಳು. ಎಡಕ್ಕೆ ಕೈಯಳತೆಯಲ್ಲೇ ಮೋಟರು. ಅದರಾಚೆ ಮನೆಯೊಳಗೆ ಬರುವ ಬಾಗಿಲು.

ಹುಬ್ಬು, ರೆಪ್ಪೆ, ಮೂಗಿನ ತುದಿಯೆಲ್ಲ ಬಿಳಿ ಮಾಡಿಕೊಂಡು ಅತ್ತೆ ಅಲ್ಲಿ ನಿಂತರೆ ಬೀದಿಗೆ ಬೀದಿಯೇ ಸರಿಯಾಗಿ ಸಾಲು ನಿಲ್ಲುತ್ತದೆ. ಬೀಳುವ ಹಿಟ್ಟನ್ನು ಎರಡು ಬೆರಳ ನಡುವೆ ಉಜ್ಜಿ ನೋಡುತ್ತಾರೆ. ತರಿ ಸಿಕ್ಕರೆ ಕಲ್ಲು ಬಿಗಿ ಮಾಡುತ್ತಾರೆ, ಬಿಸಿ ಹತ್ತಿದರೆ ಸಡಿಲ ಮಾಡುತ್ತಾರೆ. ಯಾರಾದರೂ ಅವಸರ ಮಾಡಿದರೆ, “ಇನ್ನೊಬ್ಬರ ಜೋಳದ ಹಿಂದೇನೆ ನಿಮ್ಮ ಗೋಧಿ ಸುರಿಯಲ್ಲ. ಕಲ್ಲು ಗುಡಿಸ್ಬೇಕು. ಕಾಯೋಕಾಗಲ್ಲ ಅಂದ್ರೆ ಮನೇಗೆ ಹೋಗಿ ಹಲ್ಲಲ್ಲೇ ಬೀಸ್ಕೊಳ್ಳಿ,” ಅನ್ನುತ್ತಾರೆ. ಆ ಗದ್ದಲದ ನಡುವೆಯೇ ಗಂಟಲೆತ್ತಿ ಹಾಡಿಕೊಳ್ಳುತ್ತಾರೆ. ಹಾಡೆಂದರೆ ಪ್ರಾಣ. ಕಿಟಕಿಯ ಪಕ್ಕದ ಹಲಗೆಯ ಮೇಲೆ ಹಿಟ್ಟು ಮೆತ್ತಿದ ಹಳೆಯ ರೇಡಿಯೋ ಒಂದಿತ್ತು. ಸತ್ತು ಎಷ್ಟೋ ದಿನವಾಗಿದ್ದರೂ ಅದನ್ನು ತೆಗೆಯಲು ಬಿಟ್ಟಿರಲಿಲ್ಲ.

ಈಗ ಮನೆಯವರ ದೂರು ಕೇಳಿ. ಕಿಟಕಿಯಲ್ಲಿ ಗಿರಾಕಿ ಕೆಮ್ಮಿದರೂ ಅತ್ತೆಗೆ ಕೇಳುತ್ತದೆ. ಬಾಗಿಲಲ್ಲಿ ನಿಂತು ಮನೆಯವರು ಗಂಟಲು ಹರಿದುಕೊಂಡರೂ ಕೇಳುವುದಿಲ್ಲ. “ಊಟಕ್ಕೆ ಬಾ” ಅಂದರೆ ಇಲ್ಲ, “ಯಾರೋ ಬಂದಿದಾರೆ” ಅಂದರೆ ಇಲ್ಲ. ಅದೇ ಬೀದಿಯಿಂದ ಯಾರಾದರೂ “ಚಿಲ್ಲರೆ ಕೊಡಿ” ಅಂದರೆ ಥಟ್ಟನೆ ತಿರುಗುತ್ತಾರೆ. “ಅವಳದು ಜಾಣಕಿವುಡು,” ಎಂದು ಮಾವ ಮೀಸೆಯಲ್ಲೇ ನಗುತ್ತಿದ್ದರು. “ಅಮ್ಮಂದು ಜಾಣಕಿವುಡು,” ಎಂದು ನನ್ನ ಗಂಡ ಬಂದವರಿಗೆಲ್ಲ ಹೇಳುತ್ತಿದ್ದರು. ಅತ್ತೆಗೆ ಅದು ಗೊತ್ತಿತ್ತು. “ಇವರು ಕರೆಯೋದೇ ಇಲ್ಲ, ಆಮೇಲೆ ಕರೆದ್ವಿ ಅಂತ ಸುಳ್ಳು ಹೇಳ್ತಾರೆ,” ಎಂದು ಅವರ ದೂರು. ಹೀಗೆ ಇವರು ಅವರನ್ನು, ಅವರು ಇವರನ್ನು ಸುಳ್ಳುಗಾರರೆಂದು ನಂಬಿಕೊಂಡೇ ಸಂಸಾರ ಸಾಗಿತ್ತು.

ಮಾವ ಗೋದಾಮಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಅವರ ಮಾತು ಮೀಸೆ ದಾಟಿ ಹೊರಗೆ ಬರುವುದೇ ಕಷ್ಟ. ನನ್ನ ಗಂಡ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಟೋಕನ್ ಕೊಡುವವಳು. ಕಣ್ಣಿನವರೊಬ್ಬರು, ಹಲ್ಲಿನವಳೊಬ್ಬಳು ಇರುವ ಮನೆಯಲ್ಲಿ ಕಿವಿಗೆ ದಿಕ್ಕಿರಲಿಲ್ಲ ನೋಡಿ.

ಸ್ವಂತದ್ದೊಂದು ಕನ್ನಡಕದ ಅಂಗಡಿ ಇಡಬೇಕೆಂದು ನನ್ನ ಗಂಡನಿಗೆ ಬಹಳ ದಿನದ ಆಸೆ. ಬೀದಿಗೆ ತೆರೆದ ಜಾಗ ಬೇಕು, ಮನೆಯಲ್ಲೇ ಇದೆ. ಆದರೆ ಗಾಜಿನ ವ್ಯಾಪಾರಕ್ಕೂ ಹಿಟ್ಟಿನ ಧೂಳಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಅಂಗಡಿ ಬರಬೇಕಾದರೆ ಗಿರಣಿ ಹೋಗಬೇಕು. ತಾಯಿಯನ್ನು ನೇರವಾಗಿ ಕೇಳುವ ಧೈರ್ಯ ಅವರಿಗಿರಲಿಲ್ಲ. ಅಪ್ಪನಿಗೆ ಹೇಳಿದರು. ಕೆಲವು ದಿನದ ಮೇಲೆ ಅಪ್ಪ, “ಕೇಳಿದೀನಿ. ಅವಳೇನೂ ಬೇಡ ಅನ್ನಲಿಲ್ಲ,” ಎಂದರು. ನನ್ನ ಗಂಡನಿಗೆ ಸ್ವರ್ಗಕ್ಕೆ ಮೂರೇ ಗೇಣು. ಕೆಲಸ ಬಿಡುತ್ತೇನೆಂದು ಮಾಲೀಕರಿಗೆ ಹೇಳಿಬಿಟ್ಟರು, ಬೋರ್ಡು ಬರೆಯುವವನಿಗೆ ಹೆಸರು ಕೊಟ್ಟರು, ಗಾಜಿನ ಕಪಾಟಿನವನನ್ನು ಕರೆದು ಬಾಗಿಲ ಹೊರಗಿನಿಂದಲೇ ಅಳತೆ ತೋರಿಸಿದರು. ನನಗೂ ಹೇಳಿದ್ದು ಇದನ್ನೇ, ಅಮ್ಮ ಒಪ್ಪಿದ್ದಾಳೆ ಎಂದು. ಅತ್ತೆ ಅಷ್ಟು ಸುಲಭಕ್ಕೆ ಒಪ್ಪಿದರೇ ಎಂದು ನನಗೆ ಆಶ್ಚರ್ಯವೇ ಆಯಿತು.

ಅತ್ತೆಗೆ ವಿಷಯ ಗೊತ್ತಾದದ್ದು ಸ್ಟೀರಿಯೋ ಬಂದ ಸಂಜೆ. ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ನನ್ನ ಗಂಡ ಆಟೋದಿಂದ ಇಳಿಸಿಕೊಂಡು ಬಂದು ನಡುಮನೆಯಲ್ಲಿ ಇಟ್ಟರು. ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಒಳಗೆ ಬಂದರು.

“ಇದೇನೋ ಇದು?”

“ಸ್ಟೀರಿಯೋ ಅಮ್ಮ. ನಿನಗೇ ತಂದಿದ್ದು. ಇನ್ನು ಗಿರಣಿ ಇರಲ್ವಲ್ಲ, ಆರಾಮಾಗಿ ಕೂತ್ಕೊಂಡು ಹಾಡು ಕೇಳು.”

ಅತ್ತೆಯ ಮುಖ ಮೊದಲು ಅರಳಿತ್ತು. ಅರ್ಧಕ್ಕೇ ನಿಂತಿತು. “ಗಿರಣಿ ಇರಲ್ಲ ಅಂತ ಯಾರು ಹೇಳಿದ್ದು?”

ನನ್ನ ಗಂಡ ಅಪ್ಪನ ಮುಖ ನೋಡಿದರು. ಮಾವ ಪತ್ರಿಕೆ ಮಡಿಸಿ, “ನೀನೇ ಒಪ್ಪಿದೆಯಲ್ಲೇ. ಬೆಂಚಿನ ಮೇಲೆ ಕೂತಾಗ ಕೇಳಿದ್ನಲ್ಲ. ಸುಮ್ಮನಿದ್ದೆ. ಮೌನಂ ಸಮ್ಮತಿ ಲಕ್ಷಣಂ,” ಎಂದರು.

“ನಾನು ಸುಮ್ಮನಿದ್ದದ್ದು ಯಾವತ್ತು ನೋಡಿದೀರಿ ನೀವು? ನೀವು ಕೇಳೇ ಇಲ್ಲ!”

“ಕೇಳಿದೀನಿ.”

“ಇಲ್ಲ!”

“ನೋಡಿದ್ಯೇನಮ್ಮ,” ಎಂದು ಮಾವ ನನ್ನ ಕಡೆ ತಿರುಗಿದರು, “ಆವತ್ತು ಜಾಣಕಿವುಡು, ಇವತ್ತು ಜಗಳ.”

ಅವತ್ತು ನಡೆದ ರಂಪ ಏನು ಹೇಳಲಿ. ಪಕ್ಕದ ಮನೆಯವರು ಟಿವಿ ಆರಿಸಿ ಕೂತರು. ಆದರೆ ಅತ್ತೆಗೆ ಕೂಗಲು ಬಂದಷ್ಟು ಗೆಲ್ಲಲು ಬರಲಿಲ್ಲ. ಮಗ ಕೆಲಸ ಬಿಟ್ಟಾಗಿದೆ, ಗಂಡ ಮಾತು ಕೊಟ್ಟಾಗಿದೆ. ಈಗ ಇಲ್ಲ ಅಂದರೆ ಮಗನ ಹೊಟ್ಟೆಯ ಮೇಲೆ ಹೊಡೆದವರು ಅವರೇ. ಮೂರು ದಿನ ಕುದ್ದು ಕುದ್ದು ಕೊನೆಗೆ, “ತಗೋ, ಇಟ್ಕೋ ನಿನ್ನ ಅಂಗಡಿ. ತಿಂಗಳ ಕೊನೆಗೆ ಕಲ್ಲು ಇಳಿಸ್ತೀನಿ. ಆದ್ರೆ ನಿಮ್ಮಪ್ಪ ನನ್ನನ್ನ ಕೇಳಿರಲಿಲ್ಲ ಅಂತ ಒಂದ್ಸಲ ಒಪ್ಕೊಳ್ಳಲಿ. ನಾನು ಸುಳ್ಳಿ ಅಲ್ಲ,” ಎಂದರು. ಮಾವ ಒಪ್ಪಲಿಲ್ಲ. ಕೇಳಿದ್ದವರು ಹೇಗೆ ಒಪ್ಪುತ್ತಾರೆ? ಆ ಹಟಮಾರಿ ಮುದುಕನ ಮೇಲೆ ನನಗೆ ಬಂದ ಕೋಪಕ್ಕೆ ಅವರ ಕಾಫಿಗೆ ಸಕ್ಕರೆ ಹಾಕದೆ ಕೊಟ್ಟೆ. ಅವರು ಅದನ್ನೂ ತುಟಿಪಿಟಕ್ಕೆನ್ನದೆ ಕುಡಿದರು.

ಸ್ಟೀರಿಯೋ ಜೋಡಿಸಲು ಅಂಗಡಿಯಿಂದ ಫಿಟ್ಟರ್ ಬಂದರು. ನಡುವಯಸ್ಸು, ಹೊಟ್ಟೆ ಮುಂದೆ, ಮಾತು ಅದಕ್ಕಿಂತ ಮುಂದೆ. ಅತ್ತೆ ಗಿರಣಿಗೆ ರಜೆ ಕೊಟ್ಟು ಬಂದು ಕೈಕಟ್ಟಿ ನಿಂತರು. ಬೇಡದ ಉಡುಗೊರೆಯಾದರೂ ಯಂತ್ರ ಯಂತ್ರವೇ. ಅದು ಹೇಗೆ ಕೂರುತ್ತದೆಂದು ನೋಡದೆ ಇರಲು ಅವರಿಂದಾಗದು.

ನನ್ನ ಗಂಡ ಎರಡು ಸ್ಪೀಕರ್ ಬಾಕ್ಸುಗಳನ್ನೂ ಅಕ್ಕಪಕ್ಕ ಕಪಾಟಿನ ಮೇಲೆ ಇಟ್ಟಿದ್ದರು. ಫಿಟ್ಟರ್ ತಲೆ ಚಚ್ಚಿಕೊಂಡು ಇಳಿಸಿದರು. “ಅವಳಿ ಮಕ್ಕಳಾ ಸಾರ್ ಇವು, ಅಂಟಿಸಿಡೋಕೆ? ಒಂದು ಎಡಕ್ಕೆ, ಒಂದು ಬಲಕ್ಕೆ. ಮೂಲೆಗೆ ತುರುಕಬಾರದು, ಗೋಡೆಗೆ ಒರಗಿಸಬಾರದು. ಕೂತವರ ಕಿವಿಯ ಎತ್ತರಕ್ಕಿರಬೇಕು. ಎರಡರ ನಡುವೆ ಎಷ್ಟು ದೂರವೋ, ಕೂರೋರಿಗೂ ಅಷ್ಟೇ ದೂರ.” ಅಳತೆಗೆ ಅತ್ತೆ ಮೂಟೆ ಕಟ್ಟುವ ಸುತಳಿ ತಂದುಕೊಟ್ಟರು. ಆ ಸುತಳಿಯಲ್ಲಿ ಅಳೆದು ಕುರ್ಚಿ ಹಾಕಿದರು. ವೈರಿನ ತುದಿಯ ಎಳೆಗಳನ್ನು ಹೊಸೆದು, ಒಂದೂ ಹೊರಗೆ ಚಾಚದಂತೆ, ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಬಿಗಿದರು. ಅದಲು ಬದಲಾದರೆ ಹಾಡಿನ ಹೊಟ್ಟೆಯೇ, ಅದರ ತಗ್ಗು ದನಿಯೇ, ಹೋಗಿಬಿಡುತ್ತದಂತೆ, ಎಳೆಗಳು ಒಂದಕ್ಕೊಂದು ತಾಗಿದರೆ ಯಂತ್ರವೇ ಹೋಗುತ್ತದಂತೆ.

ನನ್ನ ಗಂಡ ಪ್ಲಗ್ಗನ್ನು ಗಿರಣಿಯ ಬೋರ್ಡಿನಿಂದ ಎಳೆದಿದ್ದ ತಂತಿಗೆ ಸಿಕ್ಕಿಸಲು ಹೋದರು. ಅತ್ತೆಯೂ ಫಿಟ್ಟರೂ ಒಟ್ಟಿಗೇ ಗದರಿದರು. ಮೋಟರು ಶುರುವಾಗುವಾಗ ಕರೆಂಟು ಜಗ್ಗುತ್ತದೆ, ಸ್ಟೀರಿಯೋಕ್ಕೆ ಬೇರೆ ಲೈನೇ ಬೇಕು, ಅದಕ್ಕೆ ಅರ್ಥಿಂಗ್ ಇರಲೇಬೇಕು. ಆಮೇಲೆ ಅತ್ತೆ ಆಂಪ್ಲಿಫೈಯರ್ ಮೇಲೆ ಧೂಳು ಕೂರದಿರಲೆಂದು ಕಸೂತಿ ಹಾಕಿದ ಬಟ್ಟೆ ಹೊದಿಸಿದರು. ಫಿಟ್ಟರ್ ಅದನ್ನು ತೆಗೆದು ಮಡಿಸಿ ಅವರ ಕೈಗೇ ಕೊಟ್ಟರು. “ಇದು ಬಿಸಿಯಾಗತ್ತಮ್ಮ, ಗಾಳಿ ಆಡ್ಬೇಕು. ಮುಚ್ಚಿದ್ರೆ ಸುಟ್ಟುಹೋಗತ್ತೆ. ಹಾಕೋ ಮುಂಚೆ ವಾಲ್ಯೂಮ್ ಪೂರ್ತಿ ಕೆಳಗಿರ್ಬೇಕು, ಆಮೇಲೆ ಮೆಲ್ಲಗೆ ಏರಿಸ್ಬೇಕು. ಜೋರು ಎಷ್ಟು ಅಂದ್ರೆ, ಪಕ್ಕದಲ್ಲಿ ನಿಂತೋರ ಜೊತೆ ಮಾತಾಡೋಕೆ ನೀವು ಕೂಗೋ ಹಾಗಿರಬಾರದು. ಕೂಗಬೇಕಾಗಿ ಬಂತು ಅಂದ್ರೆ ಆ ಶಬ್ದ ಕಿವೀನ ತಿಂತಿದೆ ಅಂತ ಅರ್ಥ.”

“ಹಾಗಾದ್ರೆ ನನ್ನ ಕಿವೀನ ಗಿರಣಿ ಯಾವತ್ತೋ ತಿಂದು ತೇಗಿರ್ಬೇಕಲ್ಲ,” ಎಂದರು ಅತ್ತೆ. ಎಲ್ಲರೂ ನಕ್ಕರು.

ಹಾಡು ಹಾಕಿದರು. ನಾನು ಕುರ್ಚಿಯ ಹಿಂದೆ ನಿಂತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಸ್ವರ ನಡುಮನೆ ತುಂಬಿದಾಗ ಒಂದು ಕ್ಷಣ ಜಗಳವೆಲ್ಲ ಮರೆತುಹೋಯಿತು. ಎಡಗಡೆ ತಬಲ, ಬಲಗಡೆ ಕೊಳಲು, ನಡುವೆ ಹಾಡುವವರೇ ಬಂದು ನಿಂತ ಹಾಗೆ. ಅತ್ತೆ ಕುರ್ಚಿಯಲ್ಲಿ ಕೂತು, ಸ್ವಲ್ಪ ಹೊತ್ತು ಕೇಳಿ, “ಎಡಗಡೆ ಬಾಕ್ಸ್ ಹಾಡ್ತಿಲ್ಲ,” ಎಂದರು.

ಫಿಟ್ಟರ್ ಬಗ್ಗಿ ಎಡಗಡೆ ಬಾಕ್ಸಿನ ಮುಂದೆ ಕಿವಿಯಿಟ್ಟರು. “ಹಾಡ್ತಿದೆಯಲ್ಲಮ್ಮ.”

“ನನಗೆ ಇಲ್ಲಿ ಕೂತ್ರೆ ಎಲ್ಲಾ ಬಲಗಡೆಯಿಂದ್ಲೇ ಬರ್ತಿದೆ. ಎರಡು ಬಾಕ್ಸ್ ಕೊಟ್ಟು ಒಂದರಲ್ಲಿ ಹಾಡಿಸಿ ಕಿವಿ ಮೇಲೆ ಹೂ ಇಡ್ತೀರಾ?”

ಫಿಟ್ಟರ್ ಎರಡೂ ಬಾಕ್ಸುಗಳನ್ನು ಅದಲು ಬದಲು ಮಾಡಿದರು. ಬಾಕ್ಸ್ ಕೆಟ್ಟಿದ್ದರೆ ದೋಷ ಬಲಕ್ಕೆ ಹೋಗಬೇಕು. ಹೋಗಲಿಲ್ಲ, ಅತ್ತೆಗೆ ಎಡವೇ ಮೂಕ. ಹಿಂದಿನ ವೈರುಗಳನ್ನು ಅದಲು ಬದಲು ಮಾಡಿದರು. ಆಗಲೂ ಎಡವೇ. ಬೆವರು ಒರೆಸಿಕೊಂಡು, “ಮನೆ ಕರೆಂಟೇ ಸರಿ ಇಲ್ಲ,” ಎಂದು ಷರಾ ಬರೆದು ಹೋದರು. ಅಂಗಡಿಯವರು ಹೊಸದೊಂದು ಸೆಟ್ ಕಳಿಸಿದರು. ಅದನ್ನು ಹೊತ್ತು ಅದೇ ಫಿಟ್ಟರ್ ಮತ್ತೆ ಬಂದರು. ಅತ್ತೆ ಕೂತರು, ಕೇಳಿದರು, “ಇದರಲ್ಲೂ ಎಡಗಡೆ ಬಾಕ್ಸ್ ಹಾಡ್ತಿಲ್ಲ,” ಎಂದರು.

ಫಿಟ್ಟರ ತಾಳ್ಮೆ ತೀರಿತು. ಬಲಗಡೆ ಬಾಕ್ಸಿನ ವೈರನ್ನು ಕಿತ್ತು ಕೈಯಲ್ಲಿ ಹಿಡಿದರು. ಈಗ ಹಾಡುತ್ತಿದ್ದದ್ದು ಎಡಗಡೆಯದೊಂದೇ. “ಈಗ ಹೇಳಿ, ಎಲ್ಲಿಂದ ಬರ್ತಿದೆ?”

ಅತ್ತೆ ತಲೆ ಓರೆ ಮಾಡಿ ಕೇಳಿದರು. “ಬಲಗಡೆಯಿಂದ್ಲೇ. ಆದ್ರೆ ಗೋಡೆಯಾಚೆ ಹಾಡಿದ ಹಾಗಿದೆ.”

“ಅಮ್ಮಾ, ಬಲಗಡೇದರ ವೈರು ಇಲ್ಲಿದೆ, ನನ್ನ ಕೈಯಲ್ಲಿ!”

ಬಾಗಿಲಲ್ಲಿ, ಅತ್ತೆಯ ಬೆನ್ನ ಹಿಂದೆ ನಿಂತಿದ್ದ ನನ್ನ ಗಂಡ ಕೈ ಝಾಡಿಸಿ ಜೋರಾಗಿಯೇ ಹೇಳಿದರು: “ಬಿಡಿ ಸಾರ್, ಇದು ಸ್ಟೀರಿಯೋ ತೊಂದರೆ ಅಲ್ಲ. ಅಮ್ಮಂಗೆ ಗಿರಣಿ ಬಿಡೋಕೆ ಇಷ್ಟ ಇಲ್ಲ, ಅದಕ್ಕೆ ಈ ನಾಟಕ. ಚಿಕ್ಕಂದಿನಿಂದ ನೋಡ್ತಿದೀನಿ, ಬರೀ ಜಾಣಕಿವುಡು.”

ಅದು ಅತ್ತೆಗೆ ಸ್ಪಷ್ಟವಾಗಿ ಕೇಳಿಸಿತು. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು, ಬಾಕ್ಸುಗಳಿಗೆ ಬೆನ್ನು ಹಾಕಿ ಮಗನ ಕಡೆ ತಿರುಗಿದರು. “ನಾಟಕ ಯಾರದೋ? ನನ್ನಪ್ಪ ಕೊಟ್ಟ ಗಿರಣೀನ ನನ್ನ ಕೇಳದೆ ಕಿತ್ಕೊಂಡು, ನನಗೇ ಡಬ್ಬ ತಂದು…”

ಅಲ್ಲಿಗೆ ನಿಂತರು. ಬಾಯಿ ತೆರೆದೇ ಇತ್ತು. “ಈಗ ಜೋರು ಮಾಡಿದ್ದು ಯಾರು?”

“ಯಾರೂ ಮುಟ್ಟಿಲ್ಲಮ್ಮ,” ಎಂದರು ಫಿಟ್ಟರ್.

ಅತ್ತೆ ಮತ್ತೆ ಬಾಕ್ಸುಗಳ ಕಡೆ ತಿರುಗಿದರು. ಮತ್ತೆ ಮಗನ ಕಡೆ. ಮತ್ತೆ ಬಾಕ್ಸುಗಳ ಕಡೆ. ಬೆನ್ನು ಹಾಕಿದಾಗ ಆ ಎಡಗಡೆ ಬಾಕ್ಸು ಅವರ ಬಲಗಿವಿಯ ಕಡೆಗೆ ಬರುತ್ತಿತ್ತು. ಗಿರಣಿಯ ಕಲ್ಲಿಗೆ ಏನಾಗಿದೆಯೆಂದು ಸದ್ದಿನಲ್ಲೇ ಹುಡುಕುವ ಹೆಂಗಸು, ಯಾರೂ ವಿವರಿಸಬೇಕಾಗಲಿಲ್ಲ. ಬಲ ಅಂಗೈಯಿಂದ ಬಲಗಿವಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡು ನಿಂತರು. ಹಾಡು ನಡುಮನೆ ತುಂಬಾ ನಡೆದೇ ಇತ್ತು. ಅವರ ಮುಖ ನೋಡಿದರೆ ಯಾರೋ ಹಾಡು ನಿಲ್ಲಿಸಿದ್ದಾರೆ ಎಂದೇ ಅನ್ನಿಸುತ್ತಿತ್ತು.

“ಏ ಹುಡುಗಿ,” ಎಂದು ನನ್ನನ್ನು ಕರೆದರು, ಕೈ ತೆಗೆಯದೆ. “ಹಾಡು ಆರಿಸು. ಈ ಕಡೆ ಬಂದು ಏನಾದ್ರೂ ಮಾತಾಡು.”

ಹಾಡು ಆರಿಸಿ ಅವರ ಎಡಗಿವಿಯ ಹತ್ತಿರ ಹೋದೆ. ಏನು ಹೇಳುವುದೆಂದು ಯೋಚಿಸಿರಲಿಲ್ಲ. ಅಷ್ಟು ದಿನದಿಂದ ಗಂಡನ ಎದುರು ಆಡಲಾಗದೆ ನುಂಗಿಕೊಂಡದ್ದು ತಾನಾಗಿ ಬಾಯಿಗೆ ಬಂತು: “ಗಿರಣಿ ಬಿಟ್ಟುಕೊಡಬೇಡಿ ಅತ್ತೆ. ಇವರೆಲ್ಲ ಸೇರಿ ನಿಮಗೆ ಅನ್ಯಾಯ ಮಾಡ್ತಿದಾರೆ.”

ಮಾವನಿಗೆ ಕೇಳಿತು. ನನ್ನ ಗಂಡನಿಗೆ ಕೇಳಿತು. ಫಿಟ್ಟರಿಗೂ ಕೇಳಿ ಅವರು ವೈರು ನೋಡುತ್ತ ನಿಂತರು. ಯಾರಿಗೆ ಹೇಳಿದೆನೋ ಅವರೊಬ್ಬರಿಗೆ ಮಾತ್ರ ಕೇಳಲಿಲ್ಲ. “ಮಾತಾಡೇ,” ಎಂದು ಅತ್ತೆ ನನ್ನನ್ನು ಗದರಿದರು.

ಆಗ ನನಗೆ ಅಳು ಬಂತು. ಅಳುವಿಗಿಂತ ಹೆಚ್ಚು ಸಿಟ್ಟು ಬಂತು. ಮೋಟರಿನ ಬಾಯಿಗೆ ಒಂದು ಕಿವಿಯನ್ನು ಕೊಟ್ಟು ಈ ಮನೆಗೆ ಅನ್ನ ಹಾಕಿದ ಹೆಂಗಸು ಇವರು! ಬಾಗಿಲು ಎಡಕ್ಕಿತ್ತು, ಕಿಟಕಿ ಬಲಕ್ಕಿತ್ತು. ಇಷ್ಟು ಸಣ್ಣ ಸಂಗತಿ. ಗಿರಾಕಿಯ ದನಿ ಕೇಳುವುದು, ಮನೆಯವರ ದನಿ ಕೇಳದಿರುವುದು ಯಾಕೆಂದು ಒಬ್ಬರು ಒಂದು ದಿನ ಆ ಕೋಣೆಯಲ್ಲಿ ನಿಂತು ನೋಡಿದ್ದರೆ ತಿಳಿಯುತ್ತಿತ್ತು. ನೋಡುವ ಬದಲು ಹೆಸರಿಟ್ಟರು. ಹಾಗೆಂದು ನಾನು ಕೂಗಿಯೇ ಹೇಳಿದೆ, ಫಿಟ್ಟರ ಎದುರಿಗೇ. ನನ್ನ ಗಂಡ “ಮೆಲ್ಲಗೆ ಮಾತಾಡು” ಎಂದರು. ಮೆಲ್ಲಗೆ ಮಾತಾಡಿದ್ದರಿಂದಲೇ ಇಷ್ಟೆಲ್ಲ ಆದದ್ದು ಎಂದೆ.

ಅತ್ತೆ ಕುರ್ಚಿ ಎತ್ತಿ ನಿಲ್ಲಿಸಿ ಕೂತಿದ್ದರು. ಫೋನನ್ನು ತಾನು ಯಾವತ್ತೂ ಬಲಗಿವಿಗೇ ಯಾಕೆ ಹಿಡಿಯುತ್ತೇನೆ, ಎಡಗಡೆಗೆ ಹಿಡಿದರೆ ಫೋನು ಸರಿಯಿಲ್ಲ ಎಂದು ಯಾಕೆ ಕುಕ್ಕುತ್ತಿದ್ದೆ ಎಂದು ತನಗೆ ತಾನೇ ಹೇಳಿಕೊಂಡರು. ಆಮೇಲೆ ಮಾವನ ಕಡೆ ನೋಡಿದರು.

“ರೀ. ಆವತ್ತು ಬೆಂಚಿನ ಮೇಲೆ ಕೇಳಿದೆ ಅಂದ್ರಲ್ಲ. ಯಾವ ಕಡೆ ಕೂತಿದ್ರಿ?”

ಮಾವನ ಮುಖ ಇಳಿದುಹೋಯಿತು. ಗಿರಣಿಯ ಹೊರಗಿನ ಆ ಬೆಂಚಿನ ಒಂದು ತುದಿಗೆ ಗೋಡೆಯಿದೆ. ಅತ್ತೆ ದಣಿದು ಬಂದವರು ಬಲಭುಜವನ್ನು ಆ ಗೋಡೆಗೆ ಒರಗಿಸಿ ಕೂರುತ್ತಾರೆ. ಮಾವನದು ಮಂಡಿನೋವು, ಕಾಲು ಚಾಚಲು ಜಾಗ ಬೇಕೆಂದು ತೆರೆದ ತುದಿಗೆ ಕೂರುತ್ತಾರೆ. ಅವರ ಮದುವೆಯಾದಾಗಿನಿಂದ ಅದೇ ಬೆಂಚು, ಅದೇ ಜಾಗ.

“ಎಡಗಡೆ,” ಎಂದರು ಮಾವ.

“ಕೇಳಿದ್ದು ನಿಜವಾ?”

“ನಿಜ ಕಣೇ. ಆಣೆಗೂ ಕೇಳಿದೆ.”

“ನನಗೆ ಕೇಳಿಸ್ಲಿಲ್ಲ ಅನ್ನೋದೂ ನಿಜ.” ಅತ್ತೆಯ ದನಿ ಮೊದಲ ಬಾರಿಗೆ ತಗ್ಗಿತ್ತು, ಮರುಗಳಿಗೆ ಏರಿತು. “ಹಾಗಾದ್ರೆ ಇಷ್ಟು ವರ್ಷ ಎಡಗಡೆ ಕೂತು ಇನ್ನೂ ಏನೇನು ಕೇಳಿದ್ರಿ ನನ್ನನ್ನ? ಯಾವುದಕ್ಕೆಲ್ಲ ನಾನು ಒಪ್ಪಿದೆ ಅಂತ ತಿಳ್ಕೊಂಡಿದೀರಿ?”

ಮಾವ ಮೀಸೆ ಸವರಿಕೊಂಡರು. “ಕೇಳಿದ್ದು ಕಮ್ಮಿ. ಹೇಳಿದ್ದೇ ಜಾಸ್ತಿ.”

“ಏನು ಹೇಳಿದ್ರಿ?”

“ಈಗ ಎಲ್ಲರ ಮುಂದೆ ಬೇಡ ಬಿಡು.”

ಅತ್ತೆ ಅವರನ್ನು ದುರುಗುಟ್ಟಿ ನೋಡಿದರು. ಫಿಟ್ಟರ್ ಮೆಲ್ಲನೆ ಬಲಗಡೆಯ ವೈರು ಸಿಕ್ಕಿಸಿ, ಚಹಾ ಕೂಡ ಕುಡಿಯದೆ ಹೊರಟರು.

ಕಿವಿಯ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಗಾಜಿನ ಕೋಣೆಯಲ್ಲಿ ಕೂರಿಸಿ ಸದ್ದು ಕೇಳಿದಾಗ ಬೆರಳೆತ್ತಿ ಎಂದರು. ಬಲಗಿವಿಗೆ ಬೆರಳು ಎದ್ದೆದ್ದು ಬಿತ್ತು. ಎಡಗಿವಿಯ ಸರದಿಗೆ ಅತ್ತೆ ಬೆರಳನ್ನು ಸಿದ್ಧವಾಗಿ ಹಿಡಿದು, ಕೊನೆಯ ತನಕ ಕಾಯುತ್ತಲೇ ಕೂತಿದ್ದರು. ಬೇರೆ ಕಾರಣವೂ ಸೇರಿರಬಹುದು, ಆದರೆ ಮೋಟರಿನ ಪಾಲು ದೊಡ್ಡದು ಎಂದರು ಡಾಕ್ಟರು. ಹೋದ ಕಿವಿ ಬರುವುದಿಲ್ಲ; ಇರುವುದನ್ನು ಉಳಿಸಿಕೊಳ್ಳಿ; ಗಿರಣಿಯಲ್ಲಿ ಕಿವಿ ಮುಚ್ಚುವ ಮಫ್ ಹಾಕದೆ ನಿಲ್ಲಬೇಡಿ; ಸ್ಟೀರಿಯೋ ಮೆಲ್ಲಗಿರಲಿ, ಬೇಕಾದರೆ ಬಾಕ್ಸನ್ನು ಹತ್ತಿರ ತಂದುಕೊಳ್ಳಿ, ಜೋರು ಮಾಡಬೇಡಿ.

ಮನೆಗೆ ಬಂದು ಇದನ್ನು ಹೇಳಿದರೆ ನನ್ನ ಗಂಡ ಎಂದದ್ದೇನು ಗೊತ್ತೇ? “ಅಯ್ಯೋ ಪಾಪ. ಹಾಗಾದ್ರೆ ಗಿರಣಿ ಮುಚ್ಚೋದೇ ಅಮ್ಮಂಗೆ ಒಳ್ಳೇದು.” ನೋಡಿ ಆ ಜಾಣತನ! ನಿನ್ನೆಯ ತನಕ ಕಿವುಡು ನಾಟಕವಾಗಿತ್ತು. ಇವತ್ತು ಅದೇ ಕಿವುಡು ಅಂಗಡಿಗೆ ಕಾರಣವಾಯಿತು. ನನ್ನ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟೆ, ಎಲ್ಲಿ ಎಸೆದುಬಿಡುತ್ತೇನೋ ಎಂದು.

“ಡಾಕ್ಟರು ಕಿವಿ ಮುಚ್ಚು ಅಂದ್ರು,” ಎಂದರು ಅತ್ತೆ. “ಗಿರಣಿ ಮುಚ್ಚು ಅನ್ನಲಿಲ್ಲ.”

ಅವತ್ತು ಸಂಜೆ ಮಾವ ಬೆಂಚಿನ ಗೋಡೆಯ ಕಡೆಯ ತುದಿಗೆ ಹೋಗಿ ಕೂತರು. ಅತ್ತೆ ಬಂದು, ಅಲ್ಲಿ ಜಾಗವಿಲ್ಲದ್ದನ್ನು ನೋಡಿ, ಇನ್ನೊಂದು ತುದಿಗೆ ಕೂತರು. ಮಾವನ ಮಂಡಿ ಗೋಡೆಗೆ ತಾಗಿ ಮಡಿಸಿಕೊಂಡು ನೋಯುತ್ತಿತ್ತು, ಮುಖದಲ್ಲೇ ಕಾಣುತ್ತಿತ್ತು. ಕಿಟಕಿ ಒರೆಸುವ ನೆಪದಲ್ಲಿ ನಾನು ಅಲ್ಲೇ ಇದ್ದೆ. ಮಾವ ಅವರ ಬಲಗಿವಿಗೆ, ತಮ್ಮ ಜನ್ಮದಲ್ಲೇ ಆಡದಷ್ಟು ಗಟ್ಟಿಯಾಗಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರು: “ಗಿರಣಿ ಜಾಗ ಮಗನಿಗೆ ಕೊಡೋಣ್ವೇನೇ?”

“ಬೇಡ,” ಎಂದರು ಅತ್ತೆ. ಒಂದೇ ಮಾತು.

ನನ್ನ ಗಂಡ ಹಳೆಯ ಅಂಗಡಿಯ ಮಾಲೀಕರ ಕಾಲು ಹಿಡಿದು ಕೆಲಸ ಉಳಿಸಿಕೊಂಡರು. ಆದರೆ ಆಸೆ ಬಿಡಲಿಲ್ಲ. ತಿಂಗಳ ಕೊನೆಯ ದಿನ, ಮೋಟರು ನಿಂತಿದ್ದಾಗ, ಬಾಗಿಲಿಂದ ಬರದೆ ಬೀದಿಯಿಂದ ಸುತ್ತಿ ಬಂದು ಕಿಟಕಿಯಲ್ಲಿ ನಿಂತರು, ಗಿರಾಕಿಯ ಹಾಗೆ. ಅಷ್ಟಾದರೂ ಕಲಿತಿದ್ದರು. ಅತ್ತೆ ಕಲ್ಲು ಗುಡಿಸುತ್ತಿದ್ದರು. ಮಫ್ ಕುತ್ತಿಗೆಯಲ್ಲಿ ನೇತಾಡುತ್ತಿತ್ತು.

“ಅಮ್ಮ, ಒಂದು ಮಾತು. ಅರ್ಧ ಜಾಗ ಆದ್ರೂ ಕೊಡು. ನಡುವೆ ಗಾಜಿನ ಗೋಡೆ ಹಾಕ್ಸ್ತೀನಿ. ಧೂಳು ನನ್ನ ಕಡೆ ಬರಲ್ಲ. ಮೋಟರನ್ನ ಸ್ವಲ್ಪ ಈ ಕಡೆ ಸರಿಸಿದ್ರೆ ಸಾಕು.”

ಈ ಕಡೆ ಎಂದರೆ ಬಲಗಡೆ, ಅತ್ತೆಗೆ ಉಳಿದಿದ್ದ ಒಂದೇ ಕಿವಿಯ ಕಡೆ. ಅವರ ಕೈ ತೋರಿಸಿದ ಜಾಗವನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಬೈಯಲು ಬಾಯಿ ತೆರೆದೆ. ಅತ್ತೆ ನನಗಿಂತ ಮೊದಲು ಪೊರಕೆ ಇಟ್ಟರು, ಮಫ್ಫನ್ನು ಎತ್ತಿ ಎರಡೂ ಕಿವಿಗೆ ಸರಿಯಾಗಿ ಕೂರಿಸಿಕೊಂಡರು, ಸ್ವಿಚ್ ಒತ್ತಿದರು. ಬೆಲ್ಟು ಒದರಿ ಓಡಿತು, ನೆಲ ನಡುಗಿತು. ನನ್ನ ಗಂಡ ಕಿಟಕಿಯಲ್ಲಿ ಬಾಯಿ ಆಡಿಸುತ್ತಲೇ ಇದ್ದರು.

ಅತ್ತೆ ಅವರ ಕಡೆ ತಿರುಗಿ, ಬಲಗಿವಿಯನ್ನು ಬೆರಳಲ್ಲಿ ತೋರಿಸಿ, “ಏನೋ ಅಂದೆಯಲ್ಲ ಮಗನೇ, ಕೇಳಿಸ್ಲೇ ಇಲ್ಲ!” ಎಂದು ಕೂಗಿದರು.